ಕಣ್ಣು ಕಾಣದವರಿಗೂ ಸಿಗಲಿ ಪಿಡಿಎಫ್, ಪೋಸ್ಟರ್, ವೆಬ್‌ಸೈಟ್: ತಿಳಿದಿರಬೇಕಾದ ಸಂಗತಿಗಳು

ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ, ಜಮಾಅತಿನ ಸಭೆಯ ನೋಟಿಸ್, ಮರಣ ವಾರ್ತೆ ಎಲ್ಲವೂ ಈಗ ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಆಗಿ ಬರುತ್ತವೆ. ಕಣ್ಣಿರುವವರಿಗೆ ಅದು ಸುಲಭ. ದೃಷ್ಟಿ ಇಲ್ಲದವರ ಫೋನ್ ಮಾತ್ರ ಹೆಚ್ಚಾಗಿ 'ಫೋಟೋ' ಎಂದು ಹೇಳಿ ಸುಮ್ಮನಾಗುತ್ತದೆ. ಒಳಗೆ ಏನಿದೆ ಅಂತ ಅವರು ಇನ್ನೊಬ್ಬರನ್ನು ಕೇಳಬೇಕು. ಅಷ್ಟರಲ್ಲಿ ದಿನಾಂಕ ಮುಗಿದಿದ್ದರೂ ಮುಗಿದಿರಬಹುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ಇವರಲ್ಲಿ ದೃಷ್ಟಿ ದೋಷವುಳ್ಳವರೇ 50 ಲಕ್ಷಕ್ಕೂ ಹೆಚ್ಚು, ಶ್ರವಣ ದೋಷವುಳ್ಳವರೂ ಹೆಚ್ಚುಕಡಿಮೆ ಅಷ್ಟೇ.

ಅವರು ಓದುವುದು ಹೇಗೆ?

ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಇದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಇವು ಕನ್ನಡವನ್ನೂ ಓದಬಲ್ಲವು, ಆದರೆ ಅಕ್ಷರ ಯೂನಿಕೋಡ್‌ನಲ್ಲಿರಬೇಕು.

ಕನ್ನಡದ ದೊಡ್ಡ ತೊಡಕು ಇರುವುದೇ ಇಲ್ಲಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಲಾಗಿದೆ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅರ್ಥವಿಲ್ಲದ ಇಂಗ್ಲಿಷ್. ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಕಥೆಯೂ ಹಾಗೆಯೇ, ಅದು ಬರೀ ಚಿತ್ರ.

ಪರೀಕ್ಷೆ ಸುಲಭ. ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಸರಿಯಾಗಿ ಬಂದರೆ ಅರ್ಧ ಕೆಲಸ ಆಯಿತು. ಬಾರದಿದ್ದರೆ ಹಳೆಯ ಫಾಂಟನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಸ್ಕ್ಯಾನ್ ಪ್ರತಿಯನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಸಿಗುತ್ತದೆ, ತಪ್ಪುಗಳನ್ನು ತಿದ್ದಿಕೊಳ್ಳಬೇಕು ಅಷ್ಟೇ.

ಮಾಡಬೇಕಾದ್ದು ಏನು?

* ಪೋಸ್ಟರ್ ಜೊತೆ ಅದೇ ವಿಷಯವನ್ನು ಟೈಪ್ ಮಾಡಿ ಹಾಕಿ. ಬ್ಯಾರಿ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದರೂ ಇದೇ ನಿಯಮ.
* ವೆಬ್‌ಸೈಟ್‌ನ ಚಿತ್ರಕ್ಕೆ ಪರ್ಯಾಯ ಪಠ್ಯ ಕೊಡಿ. 'ಚಿತ್ರ 1' ಅಂದರೆ ಯಾರಿಗೂ ಪ್ರಯೋಜನವಿಲ್ಲ.
* ವರ್ಡ್‌ನಲ್ಲಿ ಶೀರ್ಷಿಕೆಯನ್ನು ಬರೀ ದಪ್ಪ ಮಾಡಿದರೆ ಸಾಲದು, ಹೆಡಿಂಗ್ ಸ್ಟೈಲ್ ಬಳಸಿ. ಸ್ಕ್ರೀನ್ ರೀಡರ್ ಬಳಸುವವರು ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರಿ ಬೇಕಾದ ಭಾಗ ಹುಡುಕುತ್ತಾರೆ.
* 'ಇಲ್ಲಿ ಕ್ಲಿಕ್ ಮಾಡಿ' ಬದಲು 'ಅರ್ಜಿ ನಮೂನೆ' ಎಂದೇ ಲಿಂಕ್ ಕೊಡಿ.
* 'ಕೆಂಪು ಬಣ್ಣದವು ಕಡ್ಡಾಯ' ಎಂದು ಬಣ್ಣದಿಂದ ಮಾತ್ರ ಸೂಚಿಸಬೇಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಲಿ. ಮಂದ ದೃಷ್ಟಿಯ ಹಿರಿಯರಿಗೂ ಇದು ಅನುಕೂಲ.
* ಭಾಷಣದ ವಿಡಿಯೋಗೆ ಅಡಿಬರಹ ಹಾಕಿ. ಕಿವಿ ಕೇಳದವರಿಗೆ ಅದೇ ದಾರಿ.
* ಮೌಸ್ ಇಲ್ಲದೆ, ಕೀಬೋರ್ಡ್‌ನಿಂದಲೇ ಅರ್ಜಿ ತುಂಬಲು ಆಗಬೇಕು. ಕೈ ನಡುಗುವವರಿಗೆ ಮೌಸ್ ಹಿಡಿಯುವುದು ಕಷ್ಟ.

ಈ ಸೂತ್ರಗಳ ಮೂಲ ಡಬ್ಲ್ಯೂ3ಸಿ ಸಂಸ್ಥೆಯ ಡಬ್ಲ್ಯೂಸಿಎಜಿ ಮಾರ್ಗಸೂಚಿ. 1999ರಲ್ಲಿ ಮೊದಲು ಬಂದ ಇದರ 2.2 ಆವೃತ್ತಿ 2023ರಲ್ಲಿ ಪ್ರಕಟವಾಯಿತು.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 42ನೇ ಸೆಕ್ಷನ್ ಪ್ರಕಾರ ಮುದ್ರಣ, ಧ್ವನಿ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳು ಎಲ್ಲರಿಗೂ ದೊರಕುವಂತೆ ಸರಕಾರ ಕ್ರಮ ಕೈಗೊಳ್ಳಬೇಕು. ಇದು ಕೇಂದ್ರದ ಕಾಯ್ದೆ. ಮಂಗಳೂರಿಗೂ ಕಾಸರಗೋಡಿಗೂ ಒಂದೇ.

ಬ್ಯಾಂಕ್ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ಅಂಧರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು.

ಸಂಘ ಸಂಸ್ಥೆಗಳ ಪೇಜ್, ಗ್ರೂಪ್ ನೋಡಿಕೊಳ್ಳುತ್ತಿರುವುದು ಹೆಚ್ಚಾಗಿ ಯುವಕರೇ. ಮುಂದಿನ ಪೋಸ್ಟರ್ ಕಳಿಸುವಾಗ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿದರೆ ಖರ್ಚೇನೂ ಇಲ್ಲ. ಸುದ್ದಿ ತಲುಪಬೇಕಾದವರಿಗೆ ನೇರವಾಗಿ ತಲುಪುತ್ತದೆ.