ಮಾರ್ಟರ್ ವಾಹಕ

ಮಾರ್ಟರನ್ನು ಹೊತ್ತೊಯ್ದು, ತನ್ನ ಮೇಲಿಂದಲೇ ಹಾರಿಸಬಲ್ಲ ಸೇನಾ ವಾಹನ. 1915ರಲ್ಲಿ ಬ್ರಿಟನ್ನಿನ ವಿಲ್ಫ್ರೆಡ್ ಸ್ಟೋಕ್ಸ್ ರೂಪಿಸಿದ ಮಾರ್ಟರಿನಲ್ಲಿ ಇದ್ದದ್ದು ಒಂದು ನಳಿಗೆ, ಎರಡು ಕಾಲು, ಅಡಿಗೊಂದು ಲೋಹದ ತಟ್ಟೆ, ಅಷ್ಟೆ. ಬಾಯಿಯಿಂದ ಇಳಿಬಿಟ್ಟ ಶೆಲ್ ಜಾರಿ ತಳದ ಮೊಳೆಗೆ ಬಡಿದೊಡನೆ ಮದ್ದು ಹೊತ್ತಿ, ಕಡಿದಾಗಿ ಮೇಲೇರಿ, ಗುಡ್ಡ ಗೋಡೆಗಳ ಆಚೆ ಬೀಳುತ್ತದೆ. ಹಾರಿಸಿದಾಗಿನ ಒದೆತವನ್ನೆಲ್ಲ ನುಂಗುವುದು ನೆಲ. ಆ ಕೆಲಸವನ್ನು ವಾಹನಕ್ಕೆ ವಹಿಸುವುದೇ ಇಲ್ಲಿನ ಕಷ್ಟ.

ಎರಡನೆಯ ಮಹಾಯುದ್ಧದ ಅಮೆರಿಕನ್ ಎಂ4 ಇದಕ್ಕೆ ಒಳ್ಳೆಯ ನಿದರ್ಶನ. ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇದ್ದ ಈ ಹಾಫ್‌ಟ್ರ್ಯಾಕ್ ಗಾಡಿಯಲ್ಲಿ 81 ಮಿ.ಮೀ. ಮಾರ್ಟರ್ ಇತ್ತು. ಆದರೆ ಅದನ್ನು ಕೆಳಗಿಳಿಸಿ ಹಾರಿಸಬೇಕು, ಗಾಡಿಯಿಂದ ಹಾರಿಸುವುದು ತುರ್ತಿಗೆ ಮಾತ್ರ ಎಂಬುದು ಮೂಲ ಯೋಜನೆ. ನಳಿಗೆಯ ಮುಖವೂ ಹಿಂದಕ್ಕೆ. ಹಾರಿಸಬೇಕಾದರೆ ಗಾಡಿ ಶತ್ರುವಿಗೆ ಬೆನ್ನು ತಿರುಗಿಸಿ ನಿಲ್ಲಬೇಕು! ಎರಡನೆಯ ಶಸ್ತ್ರಸಜ್ಜಿತ ಡಿವಿಷನ್ನಿನವರು ತಾವೇ ಅದನ್ನು ಮುಂದಕ್ಕೆ ತಿರುಗಿಸಿಕೊಂಡರು. ನೆಲಹಾಸನ್ನು ಗಟ್ಟಿಗೊಳಿಸಿದ ಎಂ4ಎ1 ಬಳಿಕ ಬಂದಿತು. ಮುಂದಕ್ಕೇ ಹಾರಿಸುವ ಎಂ21 ತಯಾರಾದದ್ದು 1944ರಲ್ಲಿ, ಅದೂ 110 ಮಾತ್ರ.

ಜರ್ಮನ್ನರಲ್ಲೂ ಇಂಥ ಹಾಫ್‌ಟ್ರ್ಯಾಕ್‌ಗಳಿದ್ದವು. ಸೆವಸ್ತೊಪೋಲ್ ಮುತ್ತಿಗೆಗೆ ಅವರು ತಂದ, ನೂರು ಟನ್ನಿಗೂ ಮೀರಿ ತೂಗುತ್ತಿದ್ದ 60 ಸೆಂ.ಮೀ. ನಳಿಗೆಯ 'ಕಾರ್ಲ್' ಕೂಡ ತಾನೇ ಚಲಿಸುವ ಮಾರ್ಟರ್ ಎನಿಸಿಕೊಂಡಿದೆ. ಹಗುರ ಆಯುಧಕ್ಕೆ ಕಾಲು ಕೊಡುವ ಈ ಕಥೆಗೆ ಅದು ಹೊರಗಿನದೇ.

ಯುದ್ಧಾನಂತರ ಅಮೆರಿಕ ಎಂ113 ಕವಚವಾಹನದ ಒಳಗೆ ತಿರುಗುವ ಪೀಠವಿಟ್ಟು ಎಂ106 ಮಾಡಿತು. ಚಾವಣಿಯ ಬಾಗಿಲು ತೆರೆದು 107 ಮಿ.ಮೀ. ಶೆಲ್ ಹಾರಿಸುವ ಇದು ವಿಯೆಟ್ನಾಂನಲ್ಲಿ ದುಡಿಯಿತು. ಸೋವಿಯತ್ 'ತ್ಯುಲ್ಪಾನ್' ಬೇರೆ ದಾರಿ ಹಿಡಿಯಿತು: ಅದರ 240 ಮಿ.ಮೀ. ಮಾರ್ಟರಿನ ಶೆಲ್ ಸುಮಾರು 130 ಕೆ.ಜಿ., ಸಾಮಾನ್ಯ ಗಾಡಿಯ ತಳ ತಾಳದ ಒದೆತ. ಹಾಗಾಗಿ ನಿಂತ ಮೇಲೆ ಹಿಂಬದಿಯಿಂದ ತಟ್ಟೆಯನ್ನು ನೆಲಕ್ಕೂರಿಯೇ ಹಾರಿಸುತ್ತಾರೆ. ಭಾರತ ಬಿಎಂಪಿ-2ರ ಚೌಕಟ್ಟಿನ ಮೇಲೆ 81 ಮಿ.ಮೀ. ಮಾರ್ಟರ್ ಕೂರಿಸಿದೆ, ಬೇಕೆಂದಾಗ ಇಳಿಸಿ ನೆಲದಿಂದಲೂ ಹಾರಿಸಬಹುದು.

ಹಾರಿಬರುವ ಶೆಲ್ಲಿನ ಜಾಡು ಹಿಡಿದು ಅದು ಹೊರಟ ಜಾಗವನ್ನು ಲೆಕ್ಕಹಾಕುವ ರೇಡಾರ್ ಬಂದಮೇಲೆ ಹಾರಿಸಿದ ಕಡೆ ನಿಲ್ಲುವುದೇ ಅಪಾಯವಾಯಿತು. ಫಿನ್ಲೆಂಡ್-ಸ್ವೀಡನ್ ಜಂಟಿಯಾಗಿ ರೂಪಿಸಿದ, ವಾಹನದ ಮೇಲೆ ಕೂರುವ 'ಅಮೋಸ್' ಗೋಪುರದ ಎರಡು 120 ಮಿ.ಮೀ. ನಳಿಗೆಗಳು ಬೇರೆಬೇರೆ ಕೋನದಲ್ಲಿ ಹಾರಿಸಿದ ಶೆಲ್‌ಗಳನ್ನು ಏಕಕಾಲಕ್ಕೆ ಗುರಿಗೆ ಬೀಳಿಸಬಲ್ಲವು. ಅಷ್ಟರಲ್ಲಿ ಗಾಡಿ ಜಾಗ ಬಿಟ್ಟಿರಬಹುದು. ಒಳಗಿನ ಸೈನಿಕರಿಗೂ ಕವಚದ ರಕ್ಷಣೆ. ಆದರೆ ಇಂಥ ಗೋಪುರ ಭಾರ, ದುಬಾರಿ. ಅಮೆರಿಕದ ಸ್ಟ್ರೈಕರ್ ಮಾರ್ಟರ್ ವಾಹಕ ಇಂದಿಗೂ ಚಾವಣಿ ತೆರೆದೇ ಹಾರಿಸುತ್ತದೆ.