ಒಂದು ರಾತ್ರಿ, ಆರು ಕ್ಯಾಸೆಟ್

ಈ ವಾರ ಏನು ಕೇಳ್ತಾ ಇದೀರಾ? ಈ ಪ್ರಶ್ನೆಯನ್ನ ನಿಮ್ಮ ವಾಟ್ಸಾಪ್ ಗುಂಪಿಗೆ ಹಾಕಿ ನೋಡಿ, ಐದು ನಿಮಿಷದಲ್ಲಿ ಹತ್ತು ಲಿಂಕ್ ಬಂದು ಬೀಳುತ್ತೆ. ಅದರಲ್ಲಿ ಎಷ್ಟು ತೆರೀತೀವಿ ಅನ್ನೋದು ಬೇರೆ ಮಾತು. ಇವತ್ತಿನ ಕಂತಲ್ಲಿ ನಾನು ಹೇಳೋಕೆ ಹೊರಟಿರೋದು, ಲಿಂಕ್ ಇಲ್ಲದ ಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ 'ಇದನ್ನ ಕೇಳು' ಅಂತ ಹೇಳೋದು ಹೇಗಿತ್ತು, ಅದಕ್ಕೆ ಎಷ್ಟು ಖರ್ಚಾಗ್ತಿತ್ತು ಅನ್ನೋ ಕಥೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಮೊದಲು ಗ್ರಾಮೋಫೋನ್ ಪ್ಲೇಟು. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಹಿಡೀತಿದ್ದದ್ದು ಹೆಚ್ಚುಕಡಿಮೆ ಮೂರೇ ನಿಮಿಷ. ನಮ್ಮ ದೇಶದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಕಲ್ಕತ್ತಾದಲ್ಲಿ 1908ರಲ್ಲೇ ಶುರುವಾಯ್ತು. ಆಮೇಲೆ ಹಲವು ದಶಕ ಈ ವ್ಯಾಪಾರದಲ್ಲಿ ದೊಡ್ಡಣ್ಣ ಅಂದ್ರೆ ಎಚ್‌ಎಂವಿ, ಅಂದರೆ ಗ್ರಾಮೋಫೋನ್ ಕಂಪನಿ. ಯಾರ ದನಿ ಪ್ಲೇಟಾಗಬೇಕು, ಯಾರದ್ದು ಬೇಡ ಅಂತ ತೀರ್ಮಾನ ಮಾಡೋದು ಕಂಪನಿ. ನಿಮಗೆ ಇಷ್ಟವಾದ ಪ್ಲೇಟನ್ನ ಗೆಳೆಯನಿಗೆ ಕೊಟ್ಟರೆ ಅದು ನಿಮ್ಮ ಮನೇಲಿ ಇರಲ್ಲ. ಇಲ್ಲಾಂದ್ರೆ ಅವನೇ ನಿಮ್ಮ ಮನೆಗೆ ಬಂದು ಕೂತು ಕೇಳಬೇಕು. ಇಡೀ ರಾತ್ರಿ ನಡೆಯೋ ಯಕ್ಷಗಾನದಂಥ ಕಲೆಗೆ ಮೂರು ನಿಮಿಷದ ಪ್ಲೇಟಲ್ಲಿ ಜಾಗ ಎಲ್ಲಿಂದ ಬರಬೇಕು?

1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿ ಒಂದು ಪುಟ್ಟ ಡಬ್ಬಿ ತೋರಿಸ್ತು. ಅದೇ ಕಾಂಪ್ಯಾಕ್ಟ್ ಕ್ಯಾಸೆಟ್. ಲೂ ಓಟನ್ಸ್ ಅನ್ನೋ ಎಂಜಿನಿಯರ್ ಮತ್ತು ಅವರ ತಂಡದ ಕೆಲಸ ಅದು. ಆಮೇಲೆ ಬೇರೆ ಕಂಪನಿಗಳೂ ರಾಯಲ್ಟಿ ಕೊಡದೆ ಇದನ್ನ ತಯಾರಿಸಬಹುದು ಅಂತ ಆಯ್ತು. ಹಾಗಾಗಿ ಯಾವ ಕಂಪನಿಯ ಕ್ಯಾಸೆಟ್ಟಾದ್ರೂ ಯಾವ ಕಂಪನಿಯ ಪ್ಲೇಯರಲ್ಲಾದ್ರೂ ಓಡ್ತಿತ್ತು. ಆದರೆ ನನ್ನ ಪ್ರಕಾರ ನಿಜವಾದ ಬದಲಾವಣೆ ಆಗಿದ್ದು ಟೇಪ್ ರೆಕಾರ್ಡರಿನ ಒಂದು ಗುಂಡಿಯಿಂದ, ರೆಕಾರ್ಡ್ ಗುಂಡಿಯಿಂದ. ಅಲ್ಲೀವರೆಗೆ ಬರೀ ಕೇಳುಗನಾಗಿದ್ದವನ ಕೈಗೆ ದನಿ ಹಿಡಿದಿಡೋ ಯಂತ್ರವೂ ಬಂತು.

ನಮ್ಮ ಕರಾವಳಿಗೆ ಈ ಯಂತ್ರ ಬಂದ ಒಂದು ದಾರಿ ಕೊಲ್ಲಿ ದೇಶಗಳದ್ದು. ಎಪ್ಪತ್ತರ ದಶಕದಿಂದ ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಕೆಲಸಕ್ಕೆ ಗಲ್ಫ್‌ಗೆ ಹೋಗೋದು ಹೆಚ್ಚಾಯ್ತು. ರಜೆಗೆ ಬರೋವಾಗ ಸೂಟ್‌ಕೇಸ್ ಜೊತೆ ಒಂದು ಟೂ-ಇನ್-ಒನ್ ಬರ್ತಿತ್ತು: ರೇಡಿಯೋ, ಟೇಪ್ ಎರಡೂ ಒಂದರಲ್ಲೇ. ಇತ್ತ 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾಗಿರೋದು ಇದೇ. ಪ್ಲೇಟು ಒತ್ತೋಕೆ ಕಾರ್ಖಾನೆ ಬೇಕು, ಕ್ಯಾಸೆಟ್ ಮಾಡೋಕೆ ಅಷ್ಟು ದೊಡ್ಡ ಬಂಡವಾಳ ಬೇಡ. ಹಾಗಾಗಿ ಸಣ್ಣ ಸಣ್ಣ ಕಂಪನಿಗಳು ಎದ್ದವು. ಭಕ್ತಿಗೀತೆ, ಜನಪದ, ಯಕ್ಷಗಾನ, ಎಲ್ಲಕ್ಕೂ ಅಂಗಡಿಯಲ್ಲಿ ಒಂದೊಂದು ಸಾಲು ಸಿಕ್ತು.

ಈಗ ಲೆಕ್ಕಕ್ಕೆ ಬರೋಣ. ಖಾಲಿ ಕ್ಯಾಸೆಟ್ ಸಾಮಾನ್ಯವಾಗಿ ಎರಡು ಬಗೆ: ಅರವತ್ತು ನಿಮಿಷದ್ದು, ತೊಂಬತ್ತು ನಿಮಿಷದ್ದು. ತೊಂಬತ್ತರದ್ದಾದ್ರೆ ಬದಿಗೆ ನಲವತ್ತೈದು. ಗೆಳತಿಗೆ ನಿಮ್ಮ ಮೆಚ್ಚಿನ ಕ್ಯಾಸೆಟ್ ಕಾಪಿ ಮಾಡಿ ಕೊಡಬೇಕು ಅಂದ್ರೆ ಒಂದು ಖಾಲಿ ಕ್ಯಾಸೆಟ್ ಕೊಳ್ಳಬೇಕು, ಎರಡು ಡೆಕ್ ಇರೋ ಟೇಪ್ ಹುಡುಕಬೇಕು, ಆಮೇಲೆ ಒಂದೂವರೆ ಗಂಟೆ ಕಾಯಬೇಕು. ಹೈ ಸ್ಪೀಡ್ ಡಬ್ಬಿಂಗ್ ಇದ್ದವರಿಗೆ ಮಾತ್ರ ಅದರ ಅರ್ಧ. ಹತ್ತು ಜನಕ್ಕೆ ಕೊಡಬೇಕು ಅಂದ್ರೆ ಹದಿನೈದು ಗಂಟೆ. ಹಾಗಾಗಿ ಜನ ಹತ್ತು ಜನಕ್ಕೆ ಕೊಡ್ತಿರಲಿಲ್ಲ, ಒಬ್ಬರಿಗೆ ಕೊಡ್ತಿದ್ದರು. ಅದಕ್ಕೂ ಮುಂಚೆ, ಇವರಿಗೆ ಇದು ಹಿಡಿಸುತ್ತಾ ಅಂತ ಯೋಚನೆ ಮಾಡ್ತಿದ್ದರು.

ಇನ್ನೊಂದು ಖರ್ಚೂ ಇತ್ತು. ಕಾಪಿಯ ಕಾಪಿ ಮಾಡಿದಷ್ಟೂ ದನಿ ಮಸುಕಾಗುತ್ತೆ, 'ಸ್ಸ್' ಅನ್ನೋ ಸದ್ದು ಏರುತ್ತೆ. ಮೂಲಕ್ಕೆ ಹತ್ತಿರದ ಕ್ಯಾಸೆಟ್ ಯಾರ ಹತ್ರ ಇದೆಯೋ ಅವರಿಗೆ ಊರಲ್ಲಿ ಬೆಲೆ.

ಇದೆಲ್ಲ ಅತಿ ಹೆಚ್ಚು ಅರ್ಥವಾಗೋದು ಒಬ್ಬ ಭಾಗವತರ ಕಥೇಲಿ. ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿದವರು. ನಾರ್ಣಪ್ಪ ಉಪ್ಪೂರರ ಶಿಷ್ಯ, ಬಡಗುತಿಟ್ಟಿನ ಭಾಗವತರು. ಸಾಲಿಗ್ರಾಮ ಮೇಳದಲ್ಲಿ ಅವರ ಪದ್ಯ ಕೇಳೋಕೇ ಜನ ಬರ್ತಿದ್ದರು. ಅವರು 'ನಾಗಶ್ರೀ' ಅನ್ನೋ ಪ್ರಸಂಗವನ್ನೂ ಬರೆದಿದ್ದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತರ ಆಸುಪಾಸಿನ ವಯಸ್ಸು. ನಾನು ಹುಟ್ಟೋಕೂ ಮುಂಚೆ ಹೋದವರು. ಆದರೂ ಅವರ ದನಿ ನನಗೆ ಗೊತ್ತು. ಕರಾವಳಿಯಲ್ಲಿ ನನ್ನ ವಯಸ್ಸಿನ ಎಷ್ಟೋ ಜನಕ್ಕೆ ಗೊತ್ತು. ಹೇಗೆ?

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್ ಒಂದು ಕಾರಣ. ಇನ್ನೊಂದು ಕಾರಣ, ಬಯಲಾಟದ ಗದ್ದೆಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದ ಅಭಿಮಾನಿಗಳು. ಆ ಕೆಲಸ ಕಲ್ಪನೆ ಮಾಡ್ಕೊಳ್ಳಿ. ಆಟ ಬೆಳಗಿನವರೆಗೆ, ಅಂದಾಜು ಎಂಟು ಗಂಟೆ. ತೊಂಬತ್ತು ನಿಮಿಷದ ಕ್ಯಾಸೆಟ್ ಆರು ಬೇಕು. ನಲವತ್ತೈದು ನಿಮಿಷಕ್ಕೊಮ್ಮೆ ಬದಿ ತಿರುಗಿಸಬೇಕು, ಅಂದ್ರೆ ನಿದ್ದೆ ಮಾಡೋ ಹಾಗಿಲ್ಲ. ಹೊಸ ಬ್ಯಾಟರಿ ಸೆಲ್ಲು ಕಿಸೆಯಲ್ಲಿರಬೇಕು. ಸೆಲ್ಲು ಸೋತರೆ ಟೇಪ್ ನಿಧಾನ ಓಡುತ್ತೆ, ಆಮೇಲೆ ಹಾಕಿ ಕೇಳಿದಾಗ ಭಾಗವತರ ದನಿ ಕೀರಲಾಗಿರುತ್ತೆ. ಬದಿ ತಿರುಗಿಸೋ ಹೊತ್ತಿಗೆ ಸರಿಯಾಗಿ ಒಳ್ಳೆ ಪದ್ಯ ಶುರುವಾದ್ರೆ ಅದರ ಮೊದಲ ಸಾಲು ಹೋಯ್ತು ಅಂತಲೇ.

ನಮ್ಮ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಇಂಥ ಕ್ಯಾಸೆಟ್‌ಗಳ ಒಂದು ಚಪ್ಪಲಿ ಡಬ್ಬಿ ಇದೆ. ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಪ್ರಸಂಗದ ಹೆಸರು, ಊರು, ತಾರೀಕು. ಒಂದರ ಮೇಲೆ 'ಕೇಳಿ ವಾಪಸ್ ಕೊಡುವುದು' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಹಿಂಬದಿಯ ಎರಡು ಪ್ಲಾಸ್ಟಿಕ್ ಚಕ್ಕೆಗಳನ್ನ ಮುರಿದಿದ್ದಾರೆ. ಅದನ್ನ ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗಲ್ಲ. ಒಂದನ್ನ ಹಾಕಿ ಕೇಳಿದ್ವಿ. ಚಂಡೆ, ಮದ್ದಳೆ, ನಡುವೆ ಯಾವುದೋ ಮಗುವಿನ ಅಳು, ಯಾರೋ ಕೆಮ್ಮಿದ್ದು. 'ಆ ಕೆಮ್ಮು ನಂದೇ' ಅಂದರು ಚಿಕ್ಕಪ್ಪ. ಸ್ಟುಡಿಯೋದಲ್ಲಿ ಮಾಡಿದ ಕ್ಯಾಸೆಟ್ಟಲ್ಲಿ ನಾವಡರು ಮಾತ್ರ ಇರ್ತಾರೆ. ಇದರಲ್ಲಿ ನಾವಡರನ್ನ ಕೇಳ್ತಾ ಕೂತ ಊರೂ ಇದೆ.

ಖಾತೆಯ ಇನ್ನೊಂದು ಬದಿಯನ್ನೂ ತೋರಿಸಬೇಕು. ಈ ಕಾಪಿಗಳಿಂದ ಹಾಡಿದವರಿಗೆ, ಬರೆದವರಿಗೆ ಒಂದು ಪೈಸೆ ಬರಲಿಲ್ಲ. ಕಾಪಿ ಮಾಡಿ ಮಾರೋದೇ ದಂಧೆ ಮಾಡ್ಕೊಂಡವರು ದೇಶದ ತುಂಬ ಇದ್ದರು. ಅದಕ್ಕೇ 1984ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಶಿಕ್ಷೆ ಹೆಚ್ಚಾಯ್ತು, ಕ್ಯಾಸೆಟ್ ಮೇಲೆ ತಯಾರಿಸಿದವರ ಹೆಸರು, ವಿಳಾಸ ಅಚ್ಚು ಹಾಕೋದು ಕಡ್ಡಾಯ ಆಯ್ತು. ಗೆಳೆಯನಿಗೆ ಕೊಟ್ಟ ಒಂದು ಕಾಪಿಯೂ, ಸಂತೆಯಲ್ಲಿ ಮಾರಿದ ಸಾವಿರ ಕಾಪಿಯೂ ಒಂದೇ ಅಂತ ನಾನು ಹೇಳಲ್ಲ. ಆದರೆ ಕಲಾವಿದರ ಖಾತೆಯಲ್ಲಿ ಎರಡಕ್ಕೂ ಜಮೆ ಸೊನ್ನೆಯೇ. ನಮ್ಮ ಪ್ರೀತಿಯ ಖರ್ಚಿನಲ್ಲಿ ಸ್ವಲ್ಪ ಭಾಗ ಅವರ ಜೇಬಿಂದ ಹೋಗಿದೆ.

ಈಗ ತುರ್ತಿನ ವಿಷಯ. ಟೇಪು ಅಂದ್ರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಪುಡಿ. ಕರಾವಳಿಯ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಸ್ಟು ಬರುತ್ತೆ. ಸುತ್ತಿಟ್ಟ ಪದರಗಳ ದನಿ ಒಂದರಿಂದ ಒಂದಕ್ಕೆ ಇಳಿದು, ಪದ್ಯ ಶುರುವಾಗೋ ಮುಂಚೆಯೇ ಅದರ ನೆರಳು ಕೇಳಿಸುತ್ತೆ. ಚಿಕ್ಕಪ್ಪನ ಡಬ್ಬಿಯಲ್ಲಿ ನಾಲ್ಕು ಕ್ಯಾಸೆಟ್ ಆಗಲೇ ಅಂಟಿಕೊಂಡಿವೆ. ಆ ಆಟದ ಬೇರೆ ಕಾಪಿ ಯಾರ ಹತ್ರವೂ ಇಲ್ಲದಿದ್ದರೆ, ಆ ರಾತ್ರಿ ಅಲ್ಲಿಗೆ ಮುಗೀತು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಡಬ್ಬಿ ಇರಬಹುದು. ಯಕ್ಷಗಾನವೇ ಆಗಬೇಕಿಲ್ಲ: ಅಜ್ಜಿಯ ಸೋಬಾನೆ ಪದ, ಊರಿನ ಭಜನೆ, ಮದುವೆ ಮನೆಯ ಹಾಡು. ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಚೆನ್ನಾಗಿದ್ದರೆ ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರ್ ಹಾಕಿ, ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. ಬೆನ್ನ ಮೇಲಿನ ಬರಹದ ಫೋಟೋ ತೆಗೆದು ಜೊತೆಗೆ ಇಡಿ. ಊರು, ತಾರೀಕು ಇಲ್ಲದ ದನಿ ಅನಾಥ ಆಗುತ್ತೆ. ಎಲ್ಲರಿಗೂ ಹಂಚೋ ಮುಂಚೆ ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿ.

ಒಂದು ವಿಷಯ ಮರೀಬೇಡಿ: ಅಡಾಸಿಟಿಯಲ್ಲೂ ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಹಿಡಿಯುತ್ತೆ. ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಯಾರಾದರೂ ಒಬ್ಬರಿಗೆ ಕಳಿಸಿ. ಮುಂದಿನ ವಾರ ಸಿಗೋಣ.