ಬೈಕ್ ಚೈನ್ ಮನೆಯಲ್ಲೇ ಚೆಕ್ ಮಾಡೋದು ಹೇಗೆ? ಬೆರಳು ಜೋಪಾನ!

ಚೈನ್ ಕರಕರ ಅಂತಿದ್ದರೆ ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಒಮ್ಮೆ ನೋಡಬಹುದು. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ತಂದು, ಸೆಂಟರ್ ಸ್ಟ್ಯಾಂಡ್ ಹಾಕಿ.

ಸಡಿಲ ಎಷ್ಟಿರಬೇಕು?: ಎರಡು ಸ್ಪ್ರಾಕೆಟ್‌ಗಳ ನಡುವೆ ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಪೂರ್ತಿ ಕವರ್ ಇರುವ ಗಾಡಿಯಲ್ಲಿ ಇದಕ್ಕೆಂದೇ ರಬ್ಬರ್ ಮುಚ್ಚಳ ಇರುತ್ತೆ. 100–125 ಸಿಸಿ ಬೈಕ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು. ನಿಮ್ಮ ಗಾಡಿಯ ಅಳತೆ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ತೀರಾ ಸಡಿಲವಾದರೆ ಚೈನ್ ಕಳಚಿ ಹಿಂದಿನ ಚಕ್ರ ಜಾಮ್ ಆಗಬಹುದು. ಹಾಗಂತ ಬಿಗಿ ಮಾಡೋದೂ ತಪ್ಪು. ಹಾಲಿನ ಕ್ಯಾನ್, ಮೂಟೆ ಹೇರಿದಾಗ ಅದು ಇನ್ನಷ್ಟು ಬಿಗಿದು ಬೇರಿಂಗ್, ಸ್ಪ್ರಾಕೆಟ್ ಸವೆಯುತ್ತೆ.

ಯಾವ ಎಣ್ಣೆ?: ಸೀಮೆಎಣ್ಣೆ, ಬ್ರಷ್‌ನಿಂದ ಕೊಳೆ ತೆಗೆದು, ಒರೆಸಿ, 90 ನಂಬರ್ ಗೇರ್ ಆಯಿಲ್ ಹಾಕಿ. ಬಳಸಿದ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತೆ.

ಎಚ್ಚರಿಕೆ: 'ಸ್ಟಾರ್ಟ್ ಮಾಡಿ ಗೇರ್ ಹಾಕಿದ್ರೆ ಚೈನ್ ತಾನೇ ತಿರುಗುತ್ತೆ, ಬಟ್ಟೆ ಹಿಡಿದ್ರೆ ಸಾಕು' ಅಂತ ಹಲವರು ಹೇಳಿಕೊಡ್ತಾರೆ. ಬೇಡವೇ ಬೇಡ. ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಸ್ಪ್ರಾಕೆಟ್ ಒಳಕ್ಕೆ ಎಳೆಯುತ್ತೆ, ಕೈ ತೆಗೆಯೋಕೆ ಟೈಮ್ ಸಿಗಲ್ಲ. ಟೈರ್ ಹಿಡಿದು ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿ.

ಸ್ಪ್ರಾಕೆಟ್ ಹಲ್ಲು ಚೂಪಾಗಿ ಬಾಗಿದ್ದರೆ ಮನೆ ರಿಪೇರಿ ಸಾಲದು. ಚೈನ್ ಸೆಟ್ ಪೂರ್ತಿ ಬದಲಿಸಬೇಕು.